‘4ಕೆ ರಿಸ್ಟೋರ್ಡ್’ ಅಂತ ನಂಬಿ 2,850 ರೂಪಾಯಿ ಕಳಕೊಂಡೆ, ನೀವು ಕಳಕೋಬೇಡಿ

ಹಳೇ ಹಾಲಿವುಡ್ ಕಪ್ಪು-ಬಿಳುಪು ಸಿನಿಮಾಗಳ ಬ್ಲೂ-ರೇ ಡಿಸ್ಕ್ ತರಿಸುವ ಹುಚ್ಚು ನಿಮಗೂ ಇದ್ದರೆ, ದುಡ್ಡು ಕಟ್ಟುವ ಮೊದಲು ಐದು ನಿಮಿಷ ಇದನ್ನು ಓದಿ. ಡಬ್ಬದ ಮೇಲೆ ‘4ಕೆ ರಿಸ್ಟೋರ್ಡ್’ (ಹಳೇ ಫಿಲ್ಮನ್ನು ಸರಿಪಡಿಸಿ ತುಂಬಾ ಸ್ಪಷ್ಟ ಮಾಡಿದ್ದು) ಅಂತ ಚಿನ್ನದ ಬಣ್ಣದಲ್ಲಿ ಬರೆದಿದ್ದರೆ ಹತ್ತು ನಿಮಿಷ ಓದಿ.

ನಮ್ಮಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಂಜೆಯಾದರೆ ಫಿಲಂ ಸೊಸೈಟಿ. ಯಾವ ಸಿನಿಮಾ, ಯಾವ ವರ್ಷ, ಕ್ಯಾಮೆರಾ ಯಾರದು, ಎಲ್ಲ ಬಾಯಲ್ಲೇ ಇರುತ್ತದೆ. ಅವರಿಗೆ ಫಿಲ್ಮ್ ನುವಾರ್ (ಹಳೇ ಹಾಲಿವುಡ್ಡಿನ ಕತ್ತಲು ತುಂಬಿದ ಅಪರಾಧದ ಕಥೆಗಳು) ಅಂದರೆ ಪ್ರಾಣ. ಮಳೆ ಬಿದ್ದ ರಸ್ತೆ, ಕಿಟಕಿ ಪಟ್ಟಿಯ ನೆರಳು, ಒಂದು ತಪ್ಪು ಮಾಡಿ ಇಡೀ ಜೀವನ ಕೆಡಿಸಿಕೊಳ್ಳುವ ಗಂಡಸು. ಅದರಲ್ಲೂ 1945ರ ‘ಡೀಟೂರ್’. ಎಂಬತ್ತರ ದಶಕದಲ್ಲಿ ಗೆಳೆಯರ ಮನೆಯ ವಿಸಿಆರ್‌ನಲ್ಲಿ ನೋಡಿದ್ದರಂತೆ. ‘ಅರ್ಧ ಸಿನಿಮಾ ಕಾಣಿಸಲೇ ಇಲ್ಲ ಕಣೇ, ಆದ್ರೂ ಮೂರು ದಿನ ತಲೇಲೇ ಇತ್ತು’ ಅಂತ ಎಷ್ಟೋ ಸಲ ಹೇಳಿದ್ದಾರೆ. ಅವರಿಗೆ ಎಪ್ಪತ್ತೈದು ತುಂಬುವಾಗ ಆ ಸಿನಿಮಾವನ್ನು ಸರಿಯಾಗಿ ತೋರಿಸಬೇಕು ಅಂತ ನನಗೆ ಆಸೆ.

ನೋಡದವರಿಗೆ ಎರಡು ಮಾತು. ನ್ಯೂಯಾರ್ಕಿನ ಒಬ್ಬ ಪಿಯಾನೋ ವಾದಕ, ಹೆಸರು ಆಲ್. ಲಾಸ್ ಏಂಜಲೀಸ್‌ಗೆ ಹೋದ ಹುಡುಗಿಯನ್ನು ಸೇರಲು, ಕಂಡ ಕಂಡ ಕಾರಿಗೆ ಕೈ ತೋರಿಸುತ್ತಾ ಹೊರಡುತ್ತಾನೆ. ಕಾರು ಹತ್ತಿಸಿಕೊಂಡವನು ದಾರಿಯಲ್ಲೇ ಸತ್ತುಹೋಗುತ್ತಾನೆ. ಪೊಲೀಸರು ನಂಬುವುದಿಲ್ಲ ಅಂತ ಹೆದರಿ, ಸತ್ತವನ ಹೆಸರು, ಬಟ್ಟೆ, ಕಾರು ಎಲ್ಲ ತಾನೇ ಇಟ್ಟುಕೊಳ್ಳುತ್ತಾನೆ. ಆಮೇಲೆ ವೀರಾ ಅನ್ನುವ ಹೆಂಗಸು ಕಾರು ಹತ್ತುತ್ತಾಳೆ. ಅಲ್ಲಿಂದ ಮುಂದೆ ನಾನು ಹೇಳಲ್ಲ. ನಿರ್ದೇಶಕ ಎಡ್ಗರ್ ಜಿ. ಉಲ್ಮರ್. ಆಲ್ ಪಾತ್ರದಲ್ಲಿ ಟಾಮ್ ನೀಲ್, ವೀರಾ ಪಾತ್ರದಲ್ಲಿ ಆನ್ ಸ್ಯಾವೇಜ್. ತೆಗೆದದ್ದು ಪಿಆರ್‌ಸಿ ಅನ್ನುವ ಬಡಪಾಯಿ ಸ್ಟುಡಿಯೋ. ಇಡೀ ಸಿನಿಮಾ ಒಂದು ಗಂಟೆ ಹತ್ತು ನಿಮಿಷವೂ ಇಲ್ಲ. ದುಡ್ಡಿಲ್ಲದೆ ತೆಗೆದದ್ದು ಪ್ರತಿ ಫ್ರೇಮಿನಲ್ಲೂ ಗೊತ್ತಾಗುತ್ತದೆ, ಆದರೆ ಕಣ್ಣು ಕೀಳೋಕಾಗಲ್ಲ. 1992ರಲ್ಲಿ ಕಾಪಾಡಿಡಬೇಕಾದ ಸಿನಿಮಾಗಳ ಅಮೆರಿಕದ ಪಟ್ಟಿ, ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೂ ಸೇರಿತು.

ನನ್ನ ಕಥೆಗೆ ಬರುತ್ತೇನೆ. ದೊಡ್ಡ ಶಾಪಿಂಗ್ ಸೈಟೊಂದರಲ್ಲಿ ಯಾವನೋ ಮಾರಾಟಗಾರ ಹಾಕಿದ್ದ. ಕವರ್ ಚಂದ, ಐದರಲ್ಲಿ ನಾಲ್ಕೂವರೆ ಸ್ಟಾರ್, ‘ಇಂಪೋರ್ಟೆಡ್’ ಅಂತ ಬೇರೆ. ಬೆಲೆ 2,850. ಅಸಲಿ ಡಿಸ್ಕನ್ನು ಹೊರದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಇದಕ್ಕಿಂತ ಜಾಸ್ತಿನೇ ಆಗುತ್ತಿತ್ತು. ಹಾಗಾಗಿ ಖುಷಿಯಾಯಿತು. ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ತೀರಾ ಅಗ್ಗ ಆಗಿದ್ದರೆ ಬರುತ್ತಿತ್ತೇನೋ. ಆ ಮನುಷ್ಯ ಲೆಕ್ಕ ಹಾಕಿಯೇ ಬೆಲೆ ಇಟ್ಟಿದ್ದ.

ಪಾರ್ಸೆಲ್ ಬಂತು. ಹುಟ್ಟುಹಬ್ಬಕ್ಕೆ ಇನ್ನೂ ಹನ್ನೆರಡು ದಿನ. ಬೀರುವಿನಲ್ಲಿ ಸೀರೆಗಳ ಕೆಳಗೆ ಮುಚ್ಚಿಟ್ಟೆ. ನಾನು ಮಾಡಿದ ದೊಡ್ಡ ದಡ್ಡತನ ಇದೇ. ವಾಪಸ್ ಕೊಡಲು ಇದ್ದ ಗಡುವು ಏಳು ದಿನ.

ಹುಟ್ಟುಹಬ್ಬದ ದಿನ ಸಂಜೆ ಪಾಯಸ ಎಲ್ಲ ಮುಗಿದ ಮೇಲೆ ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಅರಳಿತ್ತು. ಡಬ್ಬ ತೆಗೆದು, ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದರು. ಆಮೇಲೆ ಏನೂ ಮಾತಾಡದೆ ಪ್ಲೇಯರ್‌ಗೆ ಹಾಕಿದರು. ಡಿಸ್ಕ್ ನೋಡಿದಾಗಲೇ ಅವರಿಗೆ ಗೊತ್ತಾಗಿತ್ತಂತೆ. ನಾನು ನೊಂದುಕೊಳ್ಳುತ್ತೇನೆ ಅಂತ ಹೇಳಲಿಲ್ಲವಂತೆ.

ಸಿನಿಮಾ ಶುರುವಾಯಿತು. ಟಿವಿ ತುಂಬಾ ಚಿತ್ರ. ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಇಲ್ಲ. ನನಗೆ ಅದು ಒಳ್ಳೆಯದು ಅನ್ನಿಸಿತು. ಆದರೆ 1945ರ ಸಿನಿಮಾ ಹೆಚ್ಚುಕಡಿಮೆ ಚೌಕಾಕಾರದ್ದು. ಅದು ಇವತ್ತಿನ ಅಗಲ ಟಿವಿಯನ್ನು ತುಂಬುತ್ತಿದೆ ಅಂದರೆ, ಒಂದೋ ಎಳೆದು ಅಗಲ ಮಾಡಿದ್ದಾರೆ, ಇಲ್ಲ ಮೇಲೆ ಕೆಳಗೆ ಕತ್ತರಿಸಿದ್ದಾರೆ. ನಮ್ಮದರಲ್ಲಿ ಕತ್ತರಿಸಿದ್ದರು. ಟಾಮ್ ನೀಲ್‌ಗೆ ಹಣೆಯೇ ಇರಲಿಲ್ಲ. ಮುಖಗಳು ಮೇಣದ ಗೊಂಬೆಯ ಹಾಗೆ. ಕಾಳು ಕಾಳಾಗಿ ಇರಬೇಕಾದ ಫಿಲ್ಮಿನ ಗ್ರೇನ್ ಪೂರ್ತಿ ಒರೆಸಿಹಾಕಿ, ಅದರ ಮೇಲೆ ಯಾವುದೋ ಸಾಫ್ಟ್‌ವೇರ್‌ನಿಂದ ಕಣ್ಣು, ಹುಬ್ಬು ತಿದ್ದಿದ್ದರು. ಆನ್ ಸ್ಯಾವೇಜ್ ಕತ್ತು ತಿರುಗಿಸಿದಾಗ ಒಂದು ಕ್ಷಣ ಅವಳ ಕಣ್ಣುರೆಪ್ಪೆ ಕೆನ್ನೆಗೆ ಜಾರಿತು! ಅಪ್ಪ ನಕ್ಕುಬಿಟ್ಟರು. ನನಗೆ ಅಳು ಬಂತು.

ಕೆಳಗಡೆ ಬಲ ಮೂಲೆಯಲ್ಲಿ ಒಂದು ಮಬ್ಬು ಕಲೆ ಇತ್ತು. ಗಾಜಿನ ಮೇಲೆ ಯಾರೋ ವಿಕ್ಸ್ ಸವರಿದ ಹಾಗೆ. ಸಿನಿಮಾ ಪೂರ್ತಿ ಅದು ಅಲ್ಲೇ ಕೂತಿತ್ತು, ಪಾತ್ರಗಳು ಅದರ ಹಿಂದಿನಿಂದ ಓಡಾಡುತ್ತಿದ್ದವು. ‘ಯಾವುದೋ ಟಿವಿ ಚಾನೆಲ್ ಲೋಗೋ ಕಣೇ, ಅಳಿಸೋಕೆ ನೋಡಿದ್ದಾರೆ’ ಅಂದರು ಅಪ್ಪ. ಅಂದರೆ ಯಾವುದೋ ಕಾಲದಲ್ಲಿ ಟಿವಿಯಲ್ಲಿ ಬಂದದ್ದನ್ನು ರೆಕಾರ್ಡ್ ಮಾಡಿ, ದೊಡ್ಡದು ಮಾಡಿ, ಡಿಸ್ಕಿಗೆ ಇಳಿಸಿ, ನಮಗೆ 4ಕೆ ಅಂತ ಮಾರಿದ್ದಾರೆ. ಹಿಂಬದಿಯ ಕವರಿನಲ್ಲಿ ‘ರೀಮಾಸ್ಟರ್ಡ್’ ಅನ್ನುವ ಪದದಲ್ಲೇ ಒಂದು ಅಕ್ಷರ ಬಿಟ್ಟುಹೋಗಿತ್ತು. ಅದನ್ನು ನಾನು ನೋಡಿದ್ದು ಆಮೇಲೆ.

ಮಾರಿದವನಿಗೆ ಮೆಸೇಜ್ ಹಾಕಿದೆ. ‘100% ರಿಸ್ಟೋರ್ಡ್ ಮೇಡಂ, ಹಳೇ ಸಿನಿಮಾ ಅಲ್ವಾ, ಹಾಗೇ ಇರುತ್ತೆ’ ಅಂತ ಉತ್ತರ ಬಂತು. ಫೋಟೋ ಕಳಿಸಿದೆ. ಆಮೇಲೆ ಉತ್ತರವೇ ಇಲ್ಲ. ಸೈಟಿನವರು ಗಡುವು ಮುಗಿದಿದೆ ಅಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ ಮೇಲೆ, ಸೈಟಿನವರಿಂದ 500 ರೂಪಾಯಿಯ ಕೂಪನ್ ಬಂತು. ಅಷ್ಟೇ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಟ್ಟುಕೊಂಡು ಗಡುವಿನೊಳಗೆ ದೂರು ಕೊಟ್ಟಿದ್ದರೆ ಪೂರ್ತಿ ದುಡ್ಡು ಬರುತ್ತಿತ್ತು ಅಂತ ಈಗ ಎಲ್ಲರೂ ಹೇಳುತ್ತಾರೆ.

ಈ ಸಿನಿಮಾಗೇ ಯಾಕೆ ಇಷ್ಟು ನಕಲಿ ಅಂತ ಅಪ್ಪನನ್ನು ಕೇಳಿದೆ. ಆ ಕಾಲದ ಅಮೆರಿಕದ ಕಾನೂನಿನಲ್ಲಿ ಕಾಪಿರೈಟ್ 28 ವರ್ಷಕ್ಕೆ ಸಿಗುತ್ತಿತ್ತು. ಅದು ಮುಗಿಯುವಾಗ ಅರ್ಜಿ ಹಾಕಿ ನವೀಕರಿಸಬೇಕು. ‘ಡೀಟೂರ್’ ತೆಗೆದ ಕಂಪನಿ ಅಷ್ಟು ಹೊತ್ತಿಗೆ ಉಳಿದೇ ಇರಲಿಲ್ಲ, ಅರ್ಜಿ ಹಾಕುವವರೂ ಇರಲಿಲ್ಲ. ಸಿನಿಮಾ ಊರ ಬಾವಿಯಾಯಿತು. ಯಾರು ಬೇಕಾದರೂ ಕೊಡ ತಂದು ನೀರು ಸೇದಬಹುದು, ಮಾರಬಹುದು. ‘ಸ್ಕಾರ್ಲೆಟ್ ಸ್ಟ್ರೀಟ್’, ‘ಡಿ.ಓ.ಎ.’, ‘ದಿ ಸ್ಟ್ರೇಂಜರ್’, ‘ದಿ ಹಿಚ್-ಹೈಕರ್’, ಇವೂ ಹಾಗೇ ಆದವು. ಈ ಹೆಸರುಗಳು ಕಂಡರೆ ಡಬಲ್ ಜಾಗ್ರತೆ ವಹಿಸಿ. ನಮ್ಮ ದೇಶದಲ್ಲಿ ಸಿನಿಮಾದ ಕಾಪಿರೈಟ್ 60 ವರ್ಷ, ಆ ಲೆಕ್ಕದಲ್ಲಿ ಇಲ್ಲೂ ಅದು ಮುಗಿದುಹೋಗಿದೆ. ಹಾಗಾಗಿ ‘ನೀನು ಪೈರಸಿ ಮಾಡಿದ್ದೀಯ’ ಅಂತ ಮಾರಿದವನ ಮೇಲೆ ಹಾರಾಡಿ ಪ್ರಯೋಜನ ಇಲ್ಲ. ಅವನ ತಪ್ಪು ಸಿನಿಮಾ ಮಾರಿದ್ದಲ್ಲ, ರಿಸ್ಟೋರ್ಡ್ ಅಂತ ಸುಳ್ಳು ಹೇಳಿ ಮಾರಿದ್ದು. ದೂರು ಕೊಡುವಾಗ ಆ ಮಾತನ್ನೇ ಹಿಡಿದುಕೊಳ್ಳಿ.

ನಿಜವಾದ ರಿಸ್ಟೋರೇಶನ್ ಆಗಿದೆ. 2018ರಲ್ಲಿ ಆಸ್ಕರ್ ಕೊಡುವ ಅಕಾಡೆಮಿಯ ಫಿಲ್ಮ್ ಆರ್ಕೈವ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಶುರುಮಾಡಿದ ಫಿಲ್ಮ್ ಫೌಂಡೇಶನ್ ಸೇರಿ ಮಾಡಿದವು. ವರ್ಷಗಟ್ಟಲೆ ಹುಡುಕಿದ ಮೇಲೆ ಅವರಿಗೆ ಒಳ್ಳೆಯ ಪ್ರಿಂಟ್ ಸಿಕ್ಕಿದ್ದು ಬೆಲ್ಜಿಯಂನಲ್ಲಿ. ಆದರೆ ಅದರ ಮೇಲೆ ಫ್ರೆಂಚ್ ಮತ್ತು ಫ್ಲೆಮಿಷ್ ಸಬ್‌ಟೈಟಲ್ ಚಿತ್ರದಲ್ಲೇ ಅಚ್ಚಾಗಿ ಕೂತಿತ್ತು. ಆ ಅಕ್ಷರಗಳನ್ನು ತೆಗೆದು, ಅದರ ಕೆಳಗಿದ್ದ ಚಿತ್ರವನ್ನು ವಾಪಸ್ ತಂದರು. ಕಲೆ ಅಳಿಸುವುದು ಅಂದರೆ ಅದು. ನಮ್ಮ ವಿಕ್ಸ್ ಅಲ್ಲ. 2019ರ ಮಾರ್ಚ್‌ನಲ್ಲಿ ಕ್ರೈಟೀರಿಯನ್ ಅನ್ನುವ ಅಮೆರಿಕದ ಡಿಸ್ಕ್ ಕಂಪನಿ ಅದನ್ನು ಬ್ಲೂ-ರೇ ಆಗಿ ತಂದಿತು.

ನಮ್ಮ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ರಿಸ್ಟೋರ್ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರಲ್ಲ, ಅದರ ಹಿಂದೆಯೂ ಇದೇ ಫಿಲ್ಮ್ ಫೌಂಡೇಶನ್ ಇತ್ತು, ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿ. ಸುಮ್ನೆ ಯಾಕೆ ಹೇಳಿದೆ ಅಂದರೆ, ಅಸಲಿ ರಿಸ್ಟೋರೇಶನ್‌ಗೆ ಸಾಮಾನ್ಯವಾಗಿ ಹೀಗೆ ಹೆಸರು, ಊರು, ವರ್ಷ ಇರುತ್ತದೆ. ಎಲ್ಲಿಂದ ತಂದ ನೆಗೆಟಿವ್ ಅಥವಾ ಪ್ರಿಂಟ್, ಯಾವ ಸಂಸ್ಥೆ ಕೆಲಸ ಮಾಡಿತು ಅಂತ ಅಸಲಿ ಡಬ್ಬದ ಜೊತೆ ಬರುವ ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ‘ರಿಸ್ಟೋರ್ಡ್’ ಅನ್ನುವ ಒಂದೇ ಪದ ಇದ್ದು ಹಿಂದೆ ಮುಂದೆ ಏನೂ ಇಲ್ಲದಿದ್ದರೆ, ಮಾರುವವನನ್ನು ಕೇಳಿ: ಯಾರು ಮಾಡಿದ್ದು? ನಾನು ಈಗ ಹೊಸ ಡಿಸ್ಕ್ ತರಿಸುವ ಮೊದಲು ಇದೊಂದನ್ನೇ ಕೇಳುತ್ತೇನೆ. ಅರ್ಧಕ್ಕರ್ಧ ಜನ ಅಲ್ಲೇ ಉದುರಿಹೋಗುತ್ತಾರೆ.

ಇನ್ನೊಂದು, ಡಿಸ್ಕಿನ ಕೆಳಭಾಗದ ಫೋಟೋ ಕಳಿಸಿ ಅನ್ನಿ. ಅಪ್ಪ ಟ್ಯೂಬ್‌ಲೈಟ್ ಕೆಳಗೆ ನೋಡಿದ್ದು ಅದನ್ನೇ. ಫ್ಯಾಕ್ಟರಿಯಲ್ಲಿ ಅಚ್ಚೊತ್ತಿದ ಡಿಸ್ಕಿನ ಕೆಳಭಾಗ ಬೆಳ್ಳಗೆ ಕನ್ನಡಿಯ ಹಾಗೆ, ಸ್ವಲ್ಪ ನೀಲಿ ಛಾಯೆಯಲ್ಲಿ, ಒಂದೇ ಸಮನಾಗಿ ಇರುತ್ತದೆ. ನಡುವಿನ ತೂತಿನ ಸುತ್ತ ಸಣ್ಣ ಅಕ್ಷರಗಳು, ಅಂಕಿಗಳು, ಐಎಫ್‌ಪಿಐ ಅನ್ನುವ, ಯಾವ ಫ್ಯಾಕ್ಟರಿಯದು ಅಂತ ತಿಳಿಸುವ ಗುರುತು ಸಾಮಾನ್ಯವಾಗಿ ಕೆತ್ತಿರುತ್ತದೆ. ಕಂಪ್ಯೂಟರಿನಲ್ಲಿ ಬರ್ನ್ ಮಾಡಿದ ಬಿಡಿ-ಆರ್ ಡಿಸ್ಕ್ ಸಾಮಾನ್ಯವಾಗಿ ಕಂದು ಅಥವಾ ಕಪ್ಪು ಛಾಯೆಯಲ್ಲಿ ಇರುತ್ತದೆ. ಎಲ್ಲಿಯವರೆಗೆ ಬರ್ನ್ ಆಗಿದೆ ಅನ್ನುವುದೂ ಒಂದು ಗೆರೆಯಾಗಿ ಕಾಣುತ್ತದೆ, ಲೋಟದಲ್ಲಿ ಕಾಫಿ ಒಣಗಿ ಬಿಟ್ಟ ಗೆರೆಯ ಹಾಗೆ. ನಮ್ಮದರಲ್ಲಿ ಆ ಗೆರೆ ಡಿಸ್ಕಿನ ಕಾಲು ಭಾಗಕ್ಕೇ ನಿಂತಿತ್ತು. ನಿಜವಾದ ಬ್ಲೂ-ರೇ ಗುಣಮಟ್ಟದ ಸಿನಿಮಾ ಅಷ್ಟು ಜಾಗದಲ್ಲಿ ಹಿಡಿಸುವುದು ಕಷ್ಟ, ಅಲ್ವಾ? ಒಂದು ಮಾತು ಸೇರಿಸಬೇಕು: ಬರ್ನ್ ಮಾಡಿದ್ದೆಲ್ಲ ಕಳ್ಳಮಾಲು ಅಲ್ಲ. ಕೆಲವು ದೊಡ್ಡ ಕಂಪನಿಗಳೇ ಬೇಡಿಕೆ ಕಡಿಮೆ ಇರುವ ಹಳೇ ಸಿನಿಮಾಗಳನ್ನು ಆರ್ಡರ್ ಬಂದ ಹಾಗೆ ಡಿವಿಡಿ-ಆರ್‌ನಲ್ಲಿ ಬರ್ನ್ ಮಾಡಿ ಮಾರಿದ್ದುಂಟು. ಆದರೆ ಅವರು ಅದನ್ನು ಮುಚ್ಚಿಡುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಡಿಸೆಂಬರ್‌ನಲ್ಲಿ ನನ್ನ ತಮ್ಮ ಅಮೆರಿಕದಿಂದ ಬರುವವನಿದ್ದ. ಅವನ ಕೈಲಿ ಅಸಲಿಯನ್ನೇ ತರಿಸಿದೆ. ಪುಸ್ತಿಕೆ, ಐಎಫ್‌ಪಿಐ, ಎಲ್ಲ ಸರಿ. ಅಪ್ಪ ಡಿಸ್ಕ್ ಹಾಕಿದರು. ಈ ಡಿಸ್ಕ್ ನಿಮ್ಮ ಪ್ರದೇಶದಲ್ಲಿ ನಡೆಯುವುದಿಲ್ಲ ಅಂತ ಟಿವಿ ಮೇಲೆ ಎರಡು ಸಾಲು ಬಂತು. ಬ್ಲೂ-ರೇಗೆ ಲೋಕವನ್ನು ಎ, ಬಿ, ಸಿ ಅಂತ ಮೂರು ಭಾಗ ಮಾಡಿದ್ದಾರೆ. ಅಮೆರಿಕ ಎ. ಯುರೋಪು, ಆಸ್ಟ್ರೇಲಿಯಾ ಬಿ. ನಾವು ಚೀನಾ, ರಷ್ಯಾ ಜೊತೆ ಸಿ. ಇಲ್ಲಿ ಕೊಂಡ ಪ್ಲೇಯರ್‌ನಲ್ಲಿ ಎ ಬೀಗ ಹಾಕಿದ ಡಿಸ್ಕ್ ಓಡುವುದಿಲ್ಲ. ಡಬ್ಬದ ಹಿಂದೆ ಆರು ಮೂಲೆಯ ಸಣ್ಣ ಚಿಹ್ನೆಯೊಳಗೆ ‘ಎ’ ಅಂತ ಇತ್ತು, ತಮ್ಮ ಅದನ್ನು ನೋಡಿರಲಿಲ್ಲ. ನೋಡಿದ್ದರೂ ಅದೇನು ಅಂತ ಗೊತ್ತಿರುತ್ತಿರಲಿಲ್ಲ, ಪಾಪ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ಈ ತಕರಾರು ಇಲ್ಲ, ಅದು ಎಲ್ಲ ದೇಶದಲ್ಲೂ ಓಡುತ್ತದೆ. ಆದರೆ ಅದಕ್ಕೆ ಬೇರೆ ಪ್ಲೇಯರ್ ಬೇಕು. ಜೊತೆಗೆ ಅದೇ ಡಬ್ಬದಲ್ಲಿ ಸಾಮಾನ್ಯ ಬ್ಲೂ-ರೇ ಡಿಸ್ಕೂ ಇದ್ದರೆ, ಅದಕ್ಕೆ ಬೀಗ ಇರಬಹುದು.

ಕೊನೆಗೆ ಅಪ್ಪನ ಸ್ನೇಹಿತರ ಮಗನ ಹತ್ತಿರ ಎಲ್ಲ ರೀಜನ್ ಓಡಿಸುವ ಪ್ಲೇಯರ್ ಇದೆ ಅಂತ ಗೊತ್ತಾಗಿ, ಒಂದು ಭಾನುವಾರ ಜಯನಗರದಲ್ಲಿರುವ ಅವರ ಮನೆಗೆ ಹೋದೆವು. ಪರದೆ ಎಳೆದು ಕೂತೆವು. ಪಕ್ಕಗಳಲ್ಲಿ ಕಪ್ಪು ಪಟ್ಟಿ, ನಡುವೆ ಚೌಕ ಚಿತ್ರ. ಆಲ್ ತನ್ನ ಹುಡುಗಿಯ ಜೊತೆ ಮಂಜಿನಲ್ಲಿ ನಡೆಯುವ ದೃಶ್ಯ ಬಂತು. ಸೆಟ್ ಹಾಕಲು ದುಡ್ಡಿಲ್ಲದೆ ಸ್ಟುಡಿಯೋ ತುಂಬಾ ಹೊಗೆ ಬಿಟ್ಟು, ಅಲ್ಲೊಂದು ಇಲ್ಲೊಂದು ಬೀದಿ ಹೆಸರಿನ ಫಲಕ ನೆಟ್ಟು, ಅದನ್ನೇ ನ್ಯೂಯಾರ್ಕ್ ಅಂದಿದ್ದಾರೆ. ನಮ್ಮ ನಕಲಿ ಡಿಸ್ಕಿನಲ್ಲಿ ಅದು ಬರೀ ಬೂದಿ. ಇಲ್ಲಿ ಫಲಕದ ಅಕ್ಷರ ಓದಲು ಬರುತ್ತಿತ್ತು.

ಆಮೇಲೆ ಆಲ್ ಕಾರಿಗೆ ಕೈ ತೋರಿಸುವ ಭಾಗ. ಕಾರಿನ ಸ್ಟಿಯರಿಂಗ್ ಬಲಗಡೆ. ಅಮೆರಿಕದಲ್ಲಿ ಅದು ಎಡಗಡೆ ಇರಬೇಕು. ನ್ಯೂಯಾರ್ಕಿನಿಂದ ಪಶ್ಚಿಮಕ್ಕೆ ಹೋಗುವವನು ಪರದೆಯ ಮೇಲೆ ಬಲದಿಂದ ಎಡಕ್ಕೇ ಹೋಗಬೇಕು ಅಂತ ಚಿತ್ರವನ್ನೇ ಕನ್ನಡಿಯಲ್ಲಿ ತಿರುಗಿಸಿದ ಹಾಗೆ ತಿರುಗಿಸಿಬಿಟ್ಟಿದ್ದಾರೆ. ಅಮೆರಿಕದವರು ಇದನ್ನು ದೊಡ್ಡ ತಪ್ಪು ಅಂತ ತೋರಿಸುತ್ತಾರೆ. ನಾನು ನಮ್ಮ ಕಾರಿನ ಹಾಗೇ ಇದೆಯಲ್ಲ ಅಂತ ನೋಡುತ್ತಾ ಕೂತಿದ್ದೆ, ಅಪ್ಪ ಹೇಳುವವರೆಗೂ ಗೊತ್ತೇ ಆಗಲಿಲ್ಲ. ರಿಸ್ಟೋರ್ ಮಾಡಿದವರು ಅದನ್ನು ನೆಟ್ಟಗೆ ಮಾಡಲು ಹೋಗಿಲ್ಲ. ‘ಅದನ್ನ ಮುಟ್ಟಬಾರದು’ ಅಂದರು ಅಪ್ಪ, ಕಣ್ಣು ಟಿವಿ ಮೇಲೇ ಇಟ್ಟುಕೊಂಡು.

ನಕಲಿ ಡಿಸ್ಕನ್ನು ಅಮ್ಮ ದಾರ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಿದ್ದಾರೆ, ಪಾರಿವಾಳ ಬರದ ಹಾಗೆ. ಮಾರಿದವನು ಸೈಟಿನಲ್ಲಿ ಈಗ ಬೇರೆ ಹೆಸರಿನಲ್ಲಿದ್ದಾನೆ. ನಿನ್ನೆ ನೋಡಿದೆ, ‘ಡಿ.ಓ.ಎ.’ ಮಾರುತ್ತಿದ್ದಾನೆ. ಅದೇ ಚಿನ್ನದ ಅಕ್ಷರ, ಬೆಲೆ ಮಾತ್ರ ನೂರು ರೂಪಾಯಿ ಜಾಸ್ತಿ.