ಕಕ್ಕಬ್ಬೆಯ ಹೋಮ್‌ಸ್ಟೇಯಲ್ಲಿ ಮೂರು ದಿನ
ಕೊಡಗಿನಲ್ಲಿ 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟಕ್ಕೆ ಸಮೀಪದ ಕಕ್ಕಬ್ಬೆಯಲ್ಲಿ, ಟಿವಿಯಾಗಲಿ ವೈಫೈಯಾಗಲಿ ಇಲ್ಲದ ಪುಟ್ಟ ಹೋಮ್‌ಸ್ಟೇಯೊಂದರಲ್ಲಿ ಮೂರು ದಿನ ತಂಗಿದ್ದೆ. ಕೋಣೆಯಲ್ಲಿದ್ದುದು ಮರದ ಮಂಚ, ದಪ್ಪ ಕಂಬಳಿ ಮತ್ತು ಬಟ್ಟೆ ನೇತುಹಾಕಲು ಎರಡು ಗೂಟ, ಹೆಚ್ಚೇನೂ ಬೇಕೆನಿಸಲಿಲ್ಲ. ಸೌದೆ ಒಲೆಯ ಹಬೆಯಲ್ಲಿ ಬೇಯುವ ಅಕ್ಕಿತರಿಯ ಕಡಂಬುಟ್ಟಿಗಾಗಿ ಕಾಯಬೇಕಾದಾಗ ಮೊದಲ ದಿನ ಗೊಣಗಿದೆ. ಮರುದಿನ ಅಡುಗೆಮನೆಯ ಬಾಗಿಲಲ್ಲೇ ಕುಳಿತು, ಮುಚ್ಚಳದ ಅಂಚಿನಿಂದ ನೀರಹನಿಗಳು ಒಂದೊಂದಾಗಿ ಜಾರುವುದನ್ನು ನೋಡುತ್ತಾ, ಹಿಂದಿನ ದಿನದ ಗೊಣಗಾಟಕ್ಕಾಗಿ ನನ್ನನ್ನೇ ಹಳಿದುಕೊಳ್ಳುವುದನ್ನೂ (ಆ ವಿದ್ಯೆಯಲ್ಲಿ ನಾನು ನಿಸ್ಸೀಮ) ಕೈಬಿಟ್ಟೆ. ಕಾಚಂಪುಳಿ ಎಂಬ ಕಪ್ಪು ಹುಳಿರಸ ಹಾಕಿದ ಪಂದಿಕರಿ (ಹಂದಿಮಾಂಸದ ಪಲ್ಯ) ಸೊಗಸಾಗಿತ್ತು. ಆದರೆ ಎರಡು ಬೆಳಿಗ್ಗೆ ಬಿಸಿನೀರು ಬರಲೇ ಇಲ್ಲ. ಹಂಡೆಯ ಒಲೆ ಹೊತ್ತಿಸಲು ಮರೆತದ್ದನ್ನು ಸರಳ ಬದುಕೆಂದು ಒಪ್ಪಿಕೊಳ್ಳುವಷ್ಟು ತಾಳ್ಮೆ ನನಗಿನ್ನೂ ಬಂದಿಲ್ಲ. ಅವಸರದ ಪ್ರವಾಸಿಗರು ಮಡಿಕೇರಿಯಲ್ಲೇ ಉಳಿಯುವುದು ಲೇಸು.