ಮೂರು ಮಳೆಗಾಲದ ನಂತರ ‘ರೆಸಿಡೆಂಟ್ ಈವಿಲ್ 4’: ಒಂದು ಮರುನಿರ್ಮಾಣದೊಂದಿಗೆ ಬಾಳಿದ ಅನುಭವ

ಕ್ಯಾಪ್ಕಾಮ್ ಸಂಸ್ಥೆ ತನ್ನ ಹಳೆಯ ಭಯಾನಕ ವಿಡಿಯೋ ಗೇಮ್ ಒಂದನ್ನು ಹೊಸದಾಗಿ ಕಟ್ಟಿ ತಂದದ್ದು ಈ ‘ರೆಸಿಡೆಂಟ್ ಈವಿಲ್ 4’. ಇದರ ಡಿಸ್ಕ್ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಕಡೆಯ ನಮ್ಮ ಮನೆಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ, ಬಿಡುಗಡೆಯಾದ ಮೂರು ವಾರಕ್ಕೆ. ಅಲ್ಲಿಂದ ಈಚೆಗೆ ಮೂರು ಮಳೆಗಾಲ ಕಳೆದಿವೆ, ಆರು ಬಾರಿ ಆಟದ ಕೊನೆ ಮುಟ್ಟಿದ್ದೇನೆ. ಮೊದಲ ವಾರದಲ್ಲಿ ಯಾವ ಮರುನಿರ್ಮಾಣವಾದರೂ ಚೆನ್ನಾಗಿಯೇ ಕಾಣುತ್ತದೆ, ಹೊಸದಾಗಿ ಸುಣ್ಣ ಬಳಿದ ಮನೆಯ ಹಾಗೆ. ಎಲ್ಲಿ ಸೋರುತ್ತದೆ ಎಂದು ತಿಳಿಯಬೇಕಾದರೆ ಮಳೆ ಹಿಡಿಯಬೇಕು. ಇಷ್ಟು ಕಾಲ ಕಾದು ಈಗ ಬರೆಯಲು ಕೂತದ್ದು ಅದಕ್ಕೇ.

ಹಳೆಯ ಆಟದ ಜೊತೆ ನನಗಿರುವ ನಂಟು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಹೊಗಳಿಕೆಗೂ ದೂರಿಗೂ ತೂಕವಿರುವುದಿಲ್ಲ. ಶಿಂಜಿ ಮಿಕಾಮಿ ನಿರ್ದೇಶಿಸಿದ ಮೂಲ ಆಟ 2005ರ ಜನವರಿಯಲ್ಲಿ ಗೇಮ್‌ಕ್ಯೂಬ್ ಎಂಬ ಆಟದ ಯಂತ್ರಕ್ಕೆ ಬಂತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ 2ಕ್ಕೆ. ನಾನು ಅದನ್ನು ನೋಡಿದ್ದು 2007ರಲ್ಲಿ, ಪಿಯುಸಿ ಓದುತ್ತಿದ್ದಾಗ, ಚಿಕ್ಕಮಗಳೂರಿನ ಒಂದು ಓಣಿಯ ವಿಡಿಯೋ ಗೇಮ್ ಅಂಗಡಿಯಲ್ಲಿ. ಮೂರು ಟಿವಿ, ಪ್ಲಾಸ್ಟಿಕ್ ಕುರ್ಚಿಗಳು, ಗಂಟೆಗೆ ಹದಿನೈದು ರೂಪಾಯಿ. ಮೆಮೊರಿ ಕಾರ್ಡ್ ಅಂಗಡಿಯದ್ದು. ನಾವು ಉಳಿಸಿಟ್ಟ ಆಟದ ಮೇಲೆ ಮರುದಿನ ಯಾರೋ ತಮ್ಮ ಫುಟ್‌ಬಾಲ್ ಪಂದ್ಯ ಉಳಿಸಿಬಿಟ್ಟಿರುತ್ತಿದ್ದರು. ಹಾಗಾಗಿ ಆಟದ ಶುರುವಿಗೆ ಬರುವ ಹಳ್ಳಿಯ ಮೊದಲ ಕಾಳಗವನ್ನು ನಾನು ಎಷ್ಟು ಬಾರಿ ಆಡಿದ್ದೇನೋ ಲೆಕ್ಕವಿಲ್ಲ. ಯಾವ ಮನೆಯ ಬಾಗಿಲಿಗೆ ಬೀರು ಅಡ್ಡ ನೂಕಬೇಕು, ಏಣಿಯನ್ನು ಯಾವಾಗ ಒದ್ದು ಬೀಳಿಸಬೇಕು, ಎಲ್ಲವೂ ಇವತ್ತಿಗೂ ಬೆರಳ ತುದಿಯಲ್ಲಿವೆ.

ಆ ಆಟದಲ್ಲಿ, ಅಪಹರಣವಾದ ಅಮೆರಿಕದ ಅಧ್ಯಕ್ಷರ ಮಗಳನ್ನು ಬಿಡಿಸಲು ಹಳ್ಳಿಗೆ ಬಂದ ಕಥಾನಾಯಕ ಲಿಯಾನ್ ಗುರಿಯಿಟ್ಟರೆ ನಡೆಯಲಾರ. ನಡೆಯಬೇಕೆಂದರೆ ಬಂದೂಕು ಇಳಿಸಬೇಕು. ನಾಲ್ಕು ಕಡೆಯಿಂದ ಹಳ್ಳಿಯವರು ಕತ್ತಿ, ಕವಲುಗೋಲು ಹಿಡಿದು ಮುತ್ತಿಕೊಳ್ಳುತ್ತಿರುವಾಗ ಕಾಲು ನೆಲಕ್ಕೆ ಹೂತಂತೆ ನಿಂತು ಗುಂಡು ಹೊಡೆಯಬೇಕು. ಹೊರಗಿನಿಂದ ನೋಡಿದವರಿಗೆ ಇದು ಹಳೆಯ ಕಾಲದ ಕೊರತೆ. ಆದರೆ ಆಟದ ಭಯವೆಲ್ಲ ಹುಟ್ಟುತ್ತಿದ್ದುದು ಅಲ್ಲಿಂದಲೇ. ಇನ್ನೊಂದು ಗುಂಡು ಹೊಡೆಯಲೇ, ಓಡಲೇ ಎಂಬ ಪ್ರಶ್ನೆ ಪ್ರತಿ ಎರಡು ಸೆಕೆಂಡಿಗೊಮ್ಮೆ ಎದುರಾಗುತ್ತಿತ್ತು.

ಕ್ಯಾಪ್ಕಾಮ್ ತನ್ನ ಮರುನಿರ್ಮಾಣದಲ್ಲಿ ಈ ಕಟ್ಟನ್ನು ಬಿಚ್ಚಿದೆ. ಲಿಯಾನ್ ಈಗ ಗುರಿಯಿಟ್ಟುಕೊಂಡೇ ನಡೆಯುತ್ತಾನೆ, ಬಗ್ಗಿ ಹೋಗುತ್ತಾನೆ. ಇದನ್ನು ಓದಿದಾಗ ಆಟ ಸಪ್ಪೆಯಾಗುತ್ತದೆಂದೇ ನಂಬಿದ್ದೆ. ಹಾಗಾಗಲಿಲ್ಲ. ಕಾಲಿಗೆ ಕೊಟ್ಟ ಸ್ವಾತಂತ್ರ್ಯಕ್ಕೆ ಬದಲಾಗಿ ಬೇರೆ ಕಡೆ ಬಿಗಿ ಮಾಡಿದ್ದಾರೆ. ಹಳ್ಳಿಯವರು ಚುರುಕಾಗಿದ್ದಾರೆ, ಪಕ್ಕದಿಂದ ನುಗ್ಗುತ್ತಾರೆ, ತಲೆಗೆ ಗುಂಡು ಬಿದ್ದರೂ ಪ್ರತಿ ಸಲ ತತ್ತರಿಸುವುದಿಲ್ಲ. ಚಾಕುವಿನಿಂದ ಏಟು ತಡೆಯಬಹುದು, ಮರ ಕೊಯ್ಯುವ ಚೈನ್ ಸಾ ಏಟನ್ನೂ ತಡೆಯಬಹುದು, ಆದರೆ ತಡೆದಷ್ಟೂ ಚಾಕು ಸವೆಯುತ್ತದೆ. ಸವೆದು ಮುರಿದರೆ ಆಟದೊಳಗಿನ ವ್ಯಾಪಾರಿಯ ಹತ್ತಿರ ಹೋಗಿ ಹಣ ಕೊಟ್ಟು ಸರಿಮಾಡಿಸಿಕೊಳ್ಳಬೇಕು. ಮೊದಲು ಕಾಲಿನಲ್ಲಿದ್ದ ಲೆಕ್ಕಾಚಾರ ಈಗ ಕೈಗೆ ಬಂದಿದೆ. ಮರುನಿರ್ಮಾಣ ಮಾಡುವವರಿಂದ ನಾನು ಬಯಸುವುದು ಇಷ್ಟೇ: ಹಳೆಯದರಿಂದ ಒಂದನ್ನು ತೆಗೆದರೆ ಅದು ಮಾಡುತ್ತಿದ್ದ ಕೆಲಸವನ್ನು ಮಾಡಲು ಇನ್ನೊಂದನ್ನು ಇಡಬೇಕು.

ಇಡದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯವರಿಗೆ ಸುಲಭವಾಗಿ ಅರ್ಥವಾಗುವ ಉದಾಹರಣೆಯಿದೆ. 2004ರ ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ ಎಂಬ ಇನ್ನೊಂದು ಆಟದಲ್ಲಿ ದೂರದ ದೃಶ್ಯವನ್ನೆಲ್ಲ ಮಂಜು ಮುಚ್ಚುತ್ತಿತ್ತು, ಆ ಕಾಲದ ಯಂತ್ರಗಳಿಗೆ ಅಷ್ಟು ದೂರ ಬಿಡಿಸಿ ತೋರಿಸುವ ಶಕ್ತಿ ಇರಲಿಲ್ಲ. 2021ರ ನವೆಂಬರ್‌ನಲ್ಲಿ ಮೂರು ಹಳೆಯ ಜಿಟಿಎಗಳನ್ನು ಹೊಸದಾಗಿಸಿ ತಂದಾಗ ಆ ಮಂಜನ್ನು ಒರೆಸಿಬಿಟ್ಟರು. ಆಟದೊಳಗಿನ ಚಿಲಿಯಾಡ್ ಬೆಟ್ಟದ ತುದಿಯಲ್ಲಿ ನಿಂತರೆ ಒಂದು ರಾಜ್ಯದಷ್ಟು ವಿಸ್ತಾರ ಎಂದು ನಾವು ನಂಬಿದ್ದ ನೆಲ ಮೇಜಿನ ಮೇಲಿಟ್ಟ ಮಾದರಿಯಂತೆ ಪೂರ್ತಿ ಕಂಡಿತು. ಮುಳ್ಳಯ್ಯನಗಿರಿಯ ಮೆಟ್ಟಿಲ ಮೇಲೆ ಜುಲೈ ತಿಂಗಳಲ್ಲಿ ನಿಂತವರಿಗೆ ಗೊತ್ತು, ಎದುರಿನ ಬೆಟ್ಟ ಅರ್ಧ ಮಂಜಿನಲ್ಲಿದ್ದಾಗ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು. ಮೂರು ವರ್ಷದ ನಂತರ, 2024ರ ನವೆಂಬರ್‌ನ ಪರಿಷ್ಕರಣೆಯಲ್ಲಿ, ಹಳೆಯ ಬೆಳಕಿನ ರೀತಿಯನ್ನು ಮರಳಿ ಕೊಟ್ಟರು. ಹೊಸದು ಬರುವ ಮುಂಚೆಯೇ ಹಳೆಯ ಆವೃತ್ತಿಗಳನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆದಿದ್ದು ನನಗೆ ಇನ್ನೂ ಹೆಚ್ಚು ನೋವು ಕೊಟ್ಟ ಸಂಗತಿ.

ಮತ್ತೆ ಲಿಯಾನ್‌ನ ಹಳ್ಳಿಗೆ ಬರುತ್ತೇನೆ. ನನ್ನನ್ನು ಪೂರ್ತಿ ಸೋಲಿಸಿದ್ದು ಒಂದು ನಾಯಿ. ಹಳೆಯ ಆಟದ ಶುರುವಿನಲ್ಲೇ ಕಬ್ಬಿಣದ ಹಲ್ಲಿನ ಉರುಳಿಗೆ ಕಾಲು ಸಿಕ್ಕಿದ ಒಂದು ನಾಯಿ ಇರುತ್ತದೆ. ಬಿಡಿಸಿದರೆ ಮುಂದೆ ದೈತ್ಯನ ಜೊತೆಗಿನ ಕಾಳಗದಲ್ಲಿ ನಮ್ಮ ಸಹಾಯಕ್ಕೆ ಓಡಿಬರುತ್ತದೆ. ಹೊಸ ಆಟ ಹಾಕಿದ ಮೊದಲ ರಾತ್ರಿ ಅದನ್ನು ಬಿಡಿಸಲೆಂದೇ ಅವಸರದಿಂದ ಆ ಜಾಗಕ್ಕೆ ಹೋದೆ. ನಾಯಿ ಉರುಳಿನಲ್ಲಿ ಸತ್ತುಬಿದ್ದಿತ್ತು. ನಮ್ಮ ಕಡೆ ತೋಟದ ಬೇಲಿಯಲ್ಲಿ ಹಂದಿಗೆ ಇಟ್ಟ ಉರುಳಿಗೆ ಸಾಕುನಾಯಿ ಬಿದ್ದದ್ದನ್ನು ಕಂಡವನು ನಾನು, ಕಂಟ್ರೋಲರ್ ಕೆಳಗಿಟ್ಟು ಸುಮ್ಮನೆ ಕೂತೆ. ಪಕ್ಕದಲ್ಲಿ ಡಿಗ್ರಿ ಓದುವ ಅಕ್ಕನ ಮಗಳಿದ್ದಳು. “ಯಾಕೆ ಮಾವ, ಏನಾಯಿತು?” ಎಂದಳು. ಅವಳಿಗೆ ಅದು ದಾರಿ ಬದಿಯ ಇನ್ನೊಂದು ಹೆಣ. ಹಳೆಯದನ್ನು ಆಡಿದವರಿಗೆ ಮಾತ್ರ ತಗಲುವ ಏಟು ಅದು. ಕೆಲವು ಗಂಟೆಗಳ ನಂತರ, ನಾಲ್ಕನೆಯ ಅಧ್ಯಾಯದಲ್ಲಿ, ಕೆರೆಯ ಕಡೆ ಇನ್ನೊಂದು ನಾಯಿ ಜೀವಂತವಾಗಿ ಸಿಕ್ಕಿತು. ಬಿಡಿಸಿದೆ. ದೈತ್ಯನ ಎದುರು ಅದು ಬೊಗಳುತ್ತ ಬಂದಾಗ ನಾನು ಎದ್ದು ನಿಂತಿದ್ದೆ. ನಮ್ಮ ನೆನಪು ಎಲ್ಲಿ ಕೂತಿದೆ ಎಂದು ಈ ತಂಡಕ್ಕೆ ಗೊತ್ತಿತ್ತು, ಅದನ್ನು ಕಲಕಲು ಧೈರ್ಯವೂ ಇತ್ತು.

ಶಬ್ದದ ಕೆಲಸವೂ ಅಷ್ಟೇ ಸೂಕ್ಷ್ಮ. ಚೈನ್ ಸಾ ದನಿ ನಮಗೆ ಹೊಸದಲ್ಲ, ಸಿಲ್ವರ್ ಓಕ್ ಮರ ಕಡಿಯುವ ದಿನಗಳಲ್ಲಿ ಬೆಳಗಿನಿಂದ ಅದೇ ಕಿವಿಯಲ್ಲಿರುತ್ತದೆ. ಯಂತ್ರ ಸುಮ್ಮನೆ ಉರುಳುವಾಗಿನ ಗುರುಗುಟ್ಟುವಿಕೆ ಬೇರೆ, ಹಲ್ಲು ಮರಕ್ಕೆ ತಾಗಿದಾಗ ಏರುವ ಕಿರುಚು ಬೇರೆ. ಹೆಡ್‌ಫೋನ್ ಹಾಕಿಕೊಂಡು ಆಡಿದರೆ ಆ ವ್ಯತ್ಯಾಸ ಇಲ್ಲಿ ಹಾಗೇ ಕೇಳುತ್ತದೆ. ಚೈನ್ ಸಾ ಹಿಡಿದವನು ಗೋಡೆಯ ಆಚೆ ಎಷ್ಟು ದೂರದಲ್ಲಿದ್ದಾನೆ ಎಂದು ದನಿಯಿಂದಲೇ ಹೇಳಬಹುದು.

ಲಿಯಾನ್ ಬಿಡಿಸಲು ಬಂದ ಆ ಹುಡುಗಿ, ಆಶ್ಲಿಯ ಪಾತ್ರ ಬಹಳ ಸುಧಾರಿಸಿದೆ. ಹಳೆಯದರಲ್ಲಿ ಅವಳ ಪ್ರಾಣದ ಪಟ್ಟಿಯನ್ನು ನಾವೇ ಕಾಯಬೇಕಿತ್ತು, ಈಗ ಅದಿಲ್ಲ. ಖಳರಲ್ಲೊಬ್ಬನಾದ ಕ್ರೌಸರ್ ಜೊತೆಗಿನ ಚಾಕು ಕಾಳಗ ಮೊದಲು ತೆರೆಯ ಮೇಲೆ ಬಂದ ಗುಂಡಿ ಒತ್ತುವ ದೃಶ್ಯವಾಗಿತ್ತು, ಈಗ ನಿಜವಾಗಿ ಆಡಬಹುದಾದ ಕಾಳಗ. ಇಡೀ ಆಟದಲ್ಲಿ ನಾನು ಮತ್ತೆ ಮತ್ತೆ ಹೋಗುವ ಹತ್ತು ನಿಮಿಷ ಅದು. ರೇಡಿಯೋದಲ್ಲಿ ಖಳರು ಲಿಯಾನ್‌ನನ್ನು ಕೆಣಕುತ್ತಿದ್ದ ಮಾತುಗಳು ಮಾತ್ರ ಹೋಗಿವೆ. ಆ ಹುಡುಗಾಟಿಕೆಗೆ ಬದಲಾಗಿ ಏನನ್ನೂ ಇಟ್ಟಿಲ್ಲ, ಅಲ್ಲಿ ಆಟ ಸ್ವಲ್ಪ ಬಿಗುವಾಗಿದೆ.

ಈಗ ದೂರುಗಳು. ದೊಡ್ಡದು ಗೂಢಚಾರಿಣಿ ಏಡಾಳ ಕಥೆ, ‘ಸೆಪರೇಟ್ ವೇಸ್’. 2005ರ ಪ್ಲೇಸ್ಟೇಷನ್ 2 ಡಿಸ್ಕ್‌ನಲ್ಲಿ ಅದು ಆಟದ ಒಳಗೇ ಇತ್ತು. ಈ ಬಾರಿ 2023ರ ಸೆಪ್ಟೆಂಬರ್‌ನಲ್ಲಿ ಬೇರೆ ಹಣಕ್ಕೆ ಬಂತು. ಅದನ್ನು ಹಿಗ್ಗಿಸಿದ್ದಾರೆ, ಚೆನ್ನಾಗಿಯೂ ಮಾಡಿದ್ದಾರೆ, ಒಪ್ಪುತ್ತೇನೆ. ಆದರೆ ಹಳೆಯ ಆಟದಲ್ಲಿ ಲಿಯಾನ್ ದಾಟುತ್ತಿದ್ದ ಲೇಸರ್ ಕಿರಣಗಳ ಓಣಿಯನ್ನು ಮುಖ್ಯ ಕಥೆಯಿಂದ ತೆಗೆದು ಈ ಹೆಚ್ಚುವರಿ ಭಾಗದಲ್ಲಿ ಇಟ್ಟದ್ದು ಸರಿಯಲ್ಲ. ತಟ್ಟೆಯಿಂದ ಪಲ್ಯ ತೆಗೆದು ಆಮೇಲೆ ಅದಕ್ಕೇ ಬೇರೆ ಬಿಲ್ ಮಾಡಿದ ಹಾಗಾಯಿತು.

ಎರಡನೆಯದು ಇನ್ನೂ ಕೆಟ್ಟದ್ದು. 2023ರ ಏಪ್ರಿಲ್‌ನಲ್ಲಿ ಕಾಲಮಿತಿಯಲ್ಲಿ ಶತ್ರುಗಳನ್ನು ಹೊಡೆದು ಅಂಕ ಗಳಿಸುವ ‘ಮರ್ಸೆನರೀಸ್’ ಆಟವನ್ನು ಉಚಿತವಾಗಿ ಸೇರಿಸಿದರು, ಸಂತೋಷವಾಯಿತು. ಅದೇ ಹೊತ್ತಿಗೆ ಆಯುಧಗಳ ವಿಶೇಷ ಸುಧಾರಣೆಯ ಟಿಕೆಟ್‌ಗಳನ್ನು ನಿಜವಾದ ದುಡ್ಡಿಗೆ ಮಾರಲು ಇಟ್ಟರು. ಇದು ಆಡುತ್ತ ಆಡುತ್ತ ಬಂದೂಕನ್ನು ಬೆಳೆಸಿಕೊಳ್ಳುವ ಆಟ. ಬೆಳೆಸುವ ಕೆಲಸವನ್ನೇ ಕೊಂಡುಕೊಳ್ಳಬಹುದಾದರೆ ಆಡುವುದಕ್ಕೆ ಏನು ಉಳಿಯಿತು? ಬಿಡುಗಡೆಯ ದಿನ ಬಂದ ವಿಮರ್ಶೆಗಳಲ್ಲಿ ಇದರ ಸುಳಿವಿಲ್ಲ, ಏಕೆಂದರೆ ಆಗ ಟಿಕೆಟ್ ಮಾರಾಟವೇ ಇರಲಿಲ್ಲ. ನಾನು ಒಂದನ್ನೂ ಕೊಂಡಿಲ್ಲ, ನೀವೂ ಕೊಳ್ಳಬೇಡಿ. ಅದಿಲ್ಲದೆ ಆಟ ಎಲ್ಲೂ ಸಿಕ್ಕಿಬೀಳುವುದಿಲ್ಲ.

ಅತಿ ಕಠಿಣವಾದ ‘ಪ್ರೊಫೆಷನಲ್’ ಹಂತದ ಬಗ್ಗೆ ಮಲೆನಾಡಿನವರಿಗೆ ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿ ಆಟ ತಾನಾಗಿ ಉಳಿಯುವುದಿಲ್ಲ, ಟೈಪ್‌ರೈಟರ್ ಇರುವಲ್ಲಿಗೆ ಹೋಗಿ ನಾವೇ ಉಳಿಸಬೇಕು. ಎರಡನೆಯ ಮಳೆಗಾಲದಲ್ಲಿ ಒಂದು ಸಂಜೆ ಕೋಟೆಯ ನೀರಿನ ಹಜಾರ ದಾಟಿದ್ದೆ. ಎರಡೂ ಆಟಗಳಲ್ಲಿ ನನ್ನ ಬೆವರಿಳಿಸಿದ ಜಾಗ ಅದು. ಆಶ್ಲಿ ಚಕ್ರ ತಿರುಗಿಸುತ್ತಿರುವಾಗ ಮೇಲಿನಿಂದಲೂ ಪಕ್ಕದಿಂದಲೂ ಬರುವವರನ್ನು ತಡೆಯಬೇಕು. ಒಂದೂವರೆ ಗಂಟೆಯ ಹೋರಾಟ ಮುಗಿಸಿ ಟೈಪ್‌ರೈಟರ್ ಹುಡುಕಿ ಹೊರಟಿದ್ದೆ, ಗಾಳಿಗೆ ತಂತಿಯ ಮೇಲೆ ಮರ ಬಿತ್ತು. ಕರೆಂಟ್ ಬಂದದ್ದು ಎರಡು ದಿನ ಬಿಟ್ಟು. ಮನೆಯ ಇನ್ವರ್ಟರ್ ಇದ್ದರೂ ಅದು ತಿರುಗಿಕೊಳ್ಳುವ ಕ್ಷಣದಲ್ಲಿ ಪಿಎಸ್5 (ಪ್ಲೇಸ್ಟೇಷನ್ 5) ಆರಿಹೋಗಿತ್ತು. ಆಮೇಲೆ ಇನ್ವರ್ಟರ್‌ನ ಸ್ವಿಚ್ಚನ್ನು ಯುಪಿಎಸ್ ಕಡೆಗೆ ಹಾಕಿದೆ, ಆ ತೊಂದರೆ ನಿಂತಿತು. ಡಿಸ್ಕನ್ನು ಗೋಡೆಯ ತಂಪು ತಾಗದ ಡಬ್ಬಿಯಲ್ಲಿಡಿ, ನಮ್ಮಲ್ಲಿ ಆಗಸ್ಟ್ ಹೊತ್ತಿಗೆ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ.

ಇದೇ ಸಂಸ್ಥೆಯ ಬೇರೆ ಮರುನಿರ್ಮಾಣಗಳನ್ನೂ ಆಡಿದ್ದೇನೆ. 2019ರ ಎರಡನೆಯ ಭಾಗ ಇದರ ಸಮಕ್ಕೆ ನಿಲ್ಲುತ್ತದೆ. 2020ರ ಮೂರನೆಯದು ನಿಲ್ಲುವುದಿಲ್ಲ. 1999ರ ಮೂಲದಲ್ಲಿದ್ದ ಗಡಿಯಾರ ಗೋಪುರದ ಭಾಗವನ್ನು ಕತ್ತರಿಸಿದರು, ಆಪತ್ತಿನಲ್ಲಿ ಎರಡು ದಾರಿಗಳಲ್ಲಿ ಒಂದನ್ನು ಆರಿಸುವ ಅವಕಾಶವನ್ನೂ ತೆಗೆದರು, ಬದಲಿಗೆ ಏನೂ ಬರಲಿಲ್ಲ. ಎರಡು ಸಂಜೆಗೆ ಮುಗಿಸಿದೆ, ಮತ್ತೆ ಹಾಕಬೇಕೆನಿಸಿಲ್ಲ. ಬೇರೆ ಸಂಸ್ಥೆಯ ಮರುನಿರ್ಮಾಣವಾದ 2022ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1’ ನೋಡಲು ಅಪೂರ್ವವಾಗಿದೆ, ಮುಖದ ಒಂದೊಂದು ಗೆರೆಯೂ ಮಾತಾಡುತ್ತದೆ. ಆದರೆ 2013ರ ಮೂಲದಲ್ಲಿದ್ದ, ಹಲವರು ಸೇರಿ ಆಡುವ ‘ಫ್ಯಾಕ್ಷನ್ಸ್’ ಇಲ್ಲ, ಆಡುವ ರೀತಿಯೂ ಹೆಚ್ಚು ಬದಲಾಗಿಲ್ಲ. 2014ರ ಆವೃತ್ತಿ ಕೈಯಲ್ಲಿದ್ದವರು ಪೂರ್ತಿ ಬೆಲೆ ಕೊಡುವ ಅಗತ್ಯವಿಲ್ಲ.

ಈಗ ಕೊಳ್ಳುವವರು 2024ರ ಫೆಬ್ರುವರಿಯಲ್ಲಿ ಬಂದ ಗೋಲ್ಡ್ ಎಡಿಷನ್ ತೆಗೆದುಕೊಳ್ಳಿ, ಏಡಾಳ ಕಥೆ ಅದರಲ್ಲೇ ಸೇರಿದೆ. ಹಳೆಯದನ್ನು ಆಡಿದವರು ‘ಹಾರ್ಡ್‌ಕೋರ್’ ಎಂಬ ಕಠಿಣ ಹಂತದಿಂದಲೇ ಶುರುಮಾಡಿ, ಚಾಕುವಿನ ಬೆಲೆ ತಿಳಿಯುವುದು ಅಲ್ಲಿಯೇ. ಮೂಲ ಆಟವನ್ನು ಕಂಡೇ ಇಲ್ಲದವರಿಗೆ ಅದರ ಪಿಎಸ್4 ಆವೃತ್ತಿ 2016ರಿಂದ ಇದೆ. ಅಕ್ಕನ ಮಗಳು ಈಗ ಅದನ್ನೇ ಆಡುತ್ತಿದ್ದಾಳೆ. ಮೊದಲ ದಿನ ಹಳ್ಳಿಯ ನಡುವೆ ಗುರಿಯಿಟ್ಟು, ಕಂಟ್ರೋಲರ್‌ನ ಕಡ್ಡಿಯನ್ನು ಹಿಂದಕ್ಕೆಳೆದು, “ಮಾವ, ಇವನಿಗೆ ಹಿಂದೆ ಸರಿಯಲು ಬರುವುದಿಲ್ಲವೇ?” ಎಂದು ಕೂಗಿದಳು. ಬಂದೂಕು ಇಳಿಸು, ತಿರುಗಿ ಓಡು ಎಂದೆ. ಮರುದಿನ ಉರುಳಿನ ಬಳಿ ಬದುಕಿದ್ದ ನಾಯಿಯನ್ನು ಬಿಡಿಸಿದವಳು ಆಟ ನಿಲ್ಲಿಸಿ, ಅಡುಗೆಮನೆಯಲ್ಲಿದ್ದ ನನ್ನನ್ನು ಹುಡುಕಿಕೊಂಡು ಬಂದಳು. “ಅವತ್ತು ನೀವು ಯಾಕೆ ಸುಮ್ಮನೆ ಕೂತಿರಿ ಎಂದು ಈಗ ಗೊತ್ತಾಯಿತು” ಎಂದಳು.