ಬಿಲ್ಲೆ ಬದಲಿಸಿದರೆ ಸಾಲದು: ಸಿಟ್ಯಾಬ್, ಎಸ್‌ಡಿಎಸ್, ಪಿವಿಪಿ

ಕೆಮ್ಮಣ್ಣುಗುಂಡಿಯ ದಾರಿಯಲ್ಲಿ ಪಂಚೆಯ ಅಂಚಿಗೆ ಹತ್ತುವ ಕೆಂಪು, ಹಬ್ಬಕ್ಕೆ ಹೊಸ್ತಿಲಿಗೆ ಬಳಿಯುವ ಜಾಜಿನ ಕೆಂಪು, ನಮ್ಮ ಆಟೋಕ್ಲೇವ್ (ಬಿಗಿಮುಚ್ಚಳದ ಒತ್ತಡದ ಪಾತ್ರೆ) ತೆರೆದಾಗ ಕಾಣುವ ಕೆಂಪು, ಈ ಮೂರಕ್ಕೂ ಕಾರಣ ಹೆಮಟೈಟ್ ಎಂಬ ಒಂದೇ ಕಬ್ಬಿಣದ ಆಕ್ಸೈಡ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವಾಗ ಹೊರಬರುವ ಪಲ್ಪಿಂಗ್ ನೀರಿನ ಬಣ್ಣವನ್ನು ಇದರ ಅತಿಸೂಕ್ಷ್ಮ ಕಣಗಳಿಂದ ತೆಗೆಯಬಹುದೇ ಎಂಬ ಆಸೆಯಿಂದ ಚಿಕ್ಕಮಗಳೂರಿನ ಒಂದು ಪುಟ್ಟ ಪ್ರಯೋಗಾಲಯದಲ್ಲಿ ಕೆಲಸ ಶುರುಮಾಡಿದೆ. ಕಣಕ್ಕೆ ಬೇಕಾದ ಆಕಾರ ಕೊಡಲು ಸರ್ಫ್ಯಾಕ್ಟೆಂಟ್, ಅಂದರೆ ಸೋಪಿನಂತೆ ನೀರಿಗೆ ಒಲಿಯುವ ತಲೆ, ಜಿಡ್ಡಿಗೆ ಒಲಿಯುವ ಉದ್ದ ಬಾಲ ಇರುವ ವಸ್ತು, ಹಾಕಬೇಕು ಎಂದು ಓದಿದ್ದೆ. ಚಕ್ಕುಲಿ ಒರಳಿನ ಬಿಲ್ಲೆ ಬದಲಿಸಿದರೆ ತೇಂಗೊಳಲು ಬರುವುದಿಲ್ಲವೇ, ಇದೂ ಹಾಗೆಯೇ ಎಂದುಕೊಂಡಿದ್ದೆ.

ಪ್ರತಿ ಬ್ಯಾಚಿಗೂ ಅಳತೆ ಒಂದೇ: 40 ಮಿಲಿಲೀಟರ್ ನೀರಿಗೆ 1.08 ಗ್ರಾಂ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್, ಟೆಫ್ಲಾನ್ ಒಳಪದರದ ಆಟೋಕ್ಲೇವ್, 160 ಡಿಗ್ರಿ ಸೆಲ್ಸಿಯಸ್, 12 ಗಂಟೆ. ಮಳೆಗಾಲದಲ್ಲಿ ಆ 12 ಗಂಟೆ ಕರೆಂಟ್ ಇರುವುದೇ ಒಂದು ಪ್ರಯೋಗ. ಎರಡು ಬ್ಯಾಚ್ ಹಾಗೆಯೇ ಹಾಳಾದವು.

ಮೊದಲು ಎಸ್‌ಡಿಎಸ್, ಅಂದರೆ ಸೋಡಿಯಂ ಡೋಡೆಸಿಲ್ ಸಲ್ಫೇಟ್. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಫೆರಿಕ್ ಕ್ಲೋರೈಡಿನ ದ್ರಾವಣಕ್ಕೆ ಸುರಿದ ಕೂಡಲೇ ಒಡೆದ ಹಾಲಿನಂತೆ ಕದಡಿತು. ಆದರೂ ಕಾಯಿಸಿದೆ. ಮರುದಿನ ಮುಚ್ಚಳ ತೆಗೆದರೆ ಮೇಲೆ ಜಿಡ್ಡಿನ ಪದರ, ಮೇಣದಂಥ ವಾಸನೆ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಕಣಗಳು ಮಾತ್ರ ಚೆಂದ, ತುಸು ಉದ್ದಕ್ಕೆ ಎಳೆದ ಅಕ್ಕಿಕಾಳಿನಂತೆ. ಗೆದ್ದೆ ಎಂದು ಬೀಗಿದೆ. ಪ್ರಯೋಗಾಲಯದ ಮೇಡಂ ಚಿತ್ರ ನೋಡಿ, "ಆ ಜಿಡ್ಡು ಎಲ್ಲಿಂದ ಬಂತು?" ಎಂದಷ್ಟೇ ಕೇಳಿದರು.

ಉತ್ತರ ಹುಡುಕಲು ಒಂದು ವಾರ ಹಿಡಿಯಿತು. ಫೆರಿಕ್ ಕ್ಲೋರೈಡಿನ ದ್ರಾವಣ ತಾನೇ ಆಮ್ಲೀಯ. ಆಮ್ಲದಲ್ಲಿ ಬಿಸಿ ಮಾಡಿದರೆ ಎಸ್‌ಡಿಎಸ್ ಮುರಿಯುತ್ತದೆ, ಡೋಡೆಕನಾಲ್ ಒಂದು ಕಡೆ, ಸಲ್ಫೇಟ್ ಇನ್ನೊಂದು ಕಡೆ. ಜಿಡ್ಡು ಆ ಡೋಡೆಕನಾಲ್. ಸಲ್ಫೇಟ್ ಹೆಮಟೈಟಿನ ಕೆಲವು ಮುಖಗಳಿಗೆ ಅಂಟಿಕೊಂಡು ಅತ್ತ ಬೆಳೆಯದಂತೆ ತಡೆಯುತ್ತದೆ. ಜಪಾನಿನ ವಿಜ್ಞಾನಿ ಸುಗಿಮೊಟೊ ಕಡಲೆಕಾಯಿ ಆಕಾರದ ಹೆಮಟೈಟ್ ಮಾಡಿದ್ದೂ ಇದೇ ಸಲ್ಫೇಟಿನಿಂದ. ಅನುಮಾನ ತೀರಿಸಿಕೊಳ್ಳಲು ಎಸ್‌ಡಿಎಸ್ ಬಿಟ್ಟು ಅಷ್ಟೇ ಮೋಲಿನ ಸೋಡಿಯಂ ಸಲ್ಫೇಟ್ ಹಾಕಿದೆ. ಬಹುಮಟ್ಟಿಗೆ ಅದೇ ಅಕ್ಕಿಕಾಳು! ಬಿಲ್ಲೆ ಎಂದು ನಂಬಿದ್ದು ಬಿಲ್ಲೆಯಾಗಿರಲಿಲ್ಲ.

ಸಿಟ್ಯಾಬ್, ಅಂದರೆ ಸೀಟೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್, ಅದರ ಕಥೆ ಬೇರೆ. ಡಿಸೆಂಬರಿನಲ್ಲಿ ರಾತ್ರಿ ಕಲಸಿಟ್ಟು ಹೋದ ತಿಳಿ ದ್ರಾವಣ ಬೆಳಿಗ್ಗೆ ನೋಡಿದರೆ ಫ್ಲಾಸ್ಕಿನ ತುಂಬ ಬಿಳಿ ಸೂಜಿಗಳು. ಸುಮಾರು 25 ಡಿಗ್ರಿಗಿಂತ ಕೆಳಗೆ ಸಿಟ್ಯಾಬ್ ನೀರಿನಲ್ಲಿ ಸರಿಯಾಗಿ ಕರಗಿ ನಿಲ್ಲುವುದಿಲ್ಲ, ನಮ್ಮ ಊರಿನ ಚಳಿಗೆ ಅದು ಹೇಳಿಮಾಡಿಸಿದ್ದಲ್ಲ. ಬೆಚ್ಚಗಿನ ನೀರಿನಲ್ಲಿ ಫ್ಲಾಸ್ಕ್ ಇಟ್ಟು ತಿರುಗಿಸಿದರೆ ಮತ್ತೆ ತಿಳಿಯಾಗುತ್ತದೆ. ನಮ್ಮ ಆಮ್ಲೀಯ ದ್ರಾವಣದಲ್ಲಿ ಸಿಟ್ಯಾಬ್ ಹಾಕಿದರೂ ಒಂದೇ, ಬಿಟ್ಟರೂ ಒಂದೇ ಎನ್ನುವಂತಾಯಿತು. ಕಬ್ಬಿಣದ ಆಕ್ಸೈಡಿನ ಮೇಲ್ಮೈ ಪಿಎಚ್ 8–9ರ ಆಸುಪಾಸಿನವರೆಗೆ ಧನಾವೇಶದ್ದು, ಸಿಟ್ಯಾಬಿನ ತಲೆಯೂ ಧನಾವೇಶದ್ದು. ಹತ್ತಿರ ಸೇರಲು ಸಾಧ್ಯವೇ ಇಲ್ಲ. ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 11ಕ್ಕೆ ಏರಿಸಿದ ಮೇಲೆ ಮೇಲ್ಮೈ ಋಣಾವೇಶಕ್ಕೆ ತಿರುಗಿತು, ಸಿಟ್ಯಾಬ್ ಕೆಲಸ ಮಾಡಿತು: ತೆಳು ಕಡ್ಡಿಗಳು, ಒಂದೇ ಸಮ. ಅದೇ ಪಿಎಚ್ 11ರಲ್ಲಿ ಸಿಟ್ಯಾಬ್ ಹಾಕದ ಬ್ಯಾಚಿನಲ್ಲೂ ಕಡ್ಡಿಗಳು ಬಂದಿದ್ದವು ಎಂಬುದನ್ನು ಮುಚ್ಚಿಡುವುದಿಲ್ಲ. ಕ್ಷಾರದಲ್ಲಿ ಮೊದಲು ಹುಟ್ಟುವ ಗೀಥೈಟ್ ಎಂಬ ಹಳದಿ ಕಬ್ಬಿಣದ ಖನಿಜದ ಜಾಯಮಾನವೇ ಸೂಜಿಯಾಗುವುದು. ಆದರೆ ಅವು ದಪ್ಪ, ಸಣ್ಣ, ಮುರುಕು ಎಲ್ಲ ಬೆರೆತ ಸೌದೆ ಹೊರೆಯಂತಿದ್ದವು. ಸಿಟ್ಯಾಬ್ ಕಡ್ಡಿಯನ್ನು ಹುಟ್ಟಿಸಲಿಲ್ಲ, ಹದಕ್ಕೆ ತಂದಿತು.

ಪಿವಿಪಿ, ಅಂದರೆ ಪಾಲಿವಿನೈಲ್ ಪೈರೊಲಿಡೋನ್, ಬಗ್ಗೆ ಹೇಳುವುದು ಕಡಿಮೆ. ಅದು ಪಾಲಿಮರ್, ಕಟ್ಟುನಿಟ್ಟಾಗಿ ನೋಡಿದರೆ ಈ ಸಾಲಿಗೆ ಸೇರುವುದೂ ಅನುಮಾನ. ಆವೇಶವಿಲ್ಲದ್ದರಿಂದ ಪಿಎಚ್ ಬಗ್ಗೆ ತಕರಾರಿಲ್ಲ, ನೊರೆಯಿಲ್ಲ, ಚಳಿಗೂ ಬಗ್ಗುವುದಿಲ್ಲ. ಗುಂಡನೆಯ, ಹೆಚ್ಚುಕಡಿಮೆ ಒಂದೇ ಗಾತ್ರದ ಕಣ ಸಿಕ್ಕಿತು. ಆಕಾರ ಬೇಕೆಂದರೆ ಇದರಿಂದ ಆಗಲಿಲ್ಲ.

ತೊಳೆಯುವ ಹೊತ್ತಿಗೆ ನನ್ನ ಒಲವು ಬದಲಾಯಿತು. ಸಿಟ್ಯಾಬ್ ಕಡ್ಡಿಗಳನ್ನು ನೀರು, ಎಥನಾಲ್ ಎಂದು ಆರು ಬಾರಿ ತೊಳೆದು ಸೆಂಟ್ರಿಫ್ಯೂಜ್ ಮಾಡಿದರೂ ಇನ್‌ಫ್ರಾರೆಡ್ ರೋಹಿತದಲ್ಲಿ 2920 ಮತ್ತು 2850 ಸೆಂ.ಮೀ⁻¹ ಬಳಿ ಅದರ ಉದ್ದ ಬಾಲದ ಗುರುತು ಹಾಗೆಯೇ ಉಳಿದಿತ್ತು. ಅದೇ ಪುಡಿಯನ್ನು ಪಲ್ಪಿಂಗ್ ನೀರಿಗೆ ಹಾಕಿ ಬಾಟಲಿ ಅಲುಗಿಸಿದರೆ ನೊರೆ ಕುತ್ತಿಗೆಯವರೆಗೆ ಬಂತು. ಹಳ್ಳಕ್ಕೆ ಬಿಡುವ ನೀರನ್ನು ಶುದ್ಧ ಮಾಡಲು ಹೊರಟವಳು ಅದಕ್ಕೆ ಸೋಪು ಕಲಸಿದಂತಾಯಿತು.

ಚಿತ್ರಕ್ಕೆ, ಪ್ರಬಂಧಕ್ಕೆ ಸಿಟ್ಯಾಬ್, ಅದೂ ಪಿಎಚ್ 11ರಲ್ಲಿ. ನೀರಿನ ಕೆಲಸಕ್ಕೆ ಸದ್ಯ ಸೋಡಿಯಂ ಸಲ್ಫೇಟಿನ ಅಕ್ಕಿಕಾಳುಗಳನ್ನೇ ಹಿಡಿದಿದ್ದೇನೆ. ಉಳಿದ ಎಸ್‌ಡಿಎಸ್‌ನಲ್ಲಿ ಬೀಕರ್ ತೊಳೆಯುತ್ತಿದ್ದೇವೆ.